ಯಾರ ಪದ, ಯಾವ ಇಸವಿ? – ಆರ್ಥಿಕ ಚಿಂತನೆಗಳ ಇತಿಹಾಸ ಓದುವವರ ಪ್ರಶ್ನೆಗಳು

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಧಾರವಾಡ, ಗದಗ, ಹಾವೇರಿ ಜಿಲ್ಲೆಗಳವು. ಎಂ.ಎ. ಅರ್ಥಶಾಸ್ತ್ರದಲ್ಲಿ ‘ಆರ್ಥಿಕ ಚಿಂತನೆಗಳ ಇತಿಹಾಸ’ ಓದುವವರು, ಕೆಎಎಸ್‌ ಪರೀಕ್ಷೆಗೆ ತಯಾರಾಗುವವರು, ಜೊತೆಗೆ ಒಬ್ಬ ರೈತರೂ ಒಬ್ಬ ವ್ಯಾಪಾರಸ್ಥರೂ ಬರೆದಿದ್ದಾರೆ. ಎಲ್ಲರದೂ ಪದಗಳ ತಕರಾರು. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಒಂದು ಪುಸ್ತಕದಲ್ಲಿ ‘ಸಂಪ್ರದಾಯ ಪಂಥ’, ಇನ್ನೊಂದರಲ್ಲಿ ‘ಅಭಿಜಾತ ಪಂಥ’, ಗೈಡಿನಲ್ಲಿ ‘ಕ್ಲಾಸಿಕಲ್’ ಅಂತ ಇದೆ. ಮೂರೂ ಒಂದೇನಾ? ಇಂಥ ಪದಗಳನ್ನು ಹೇಗೆ ನೆನಪಿಟ್ಟುಕೊಳ್ಳಬೇಕು?
– ಎಂ.ಎ. ವಿದ್ಯಾರ್ಥಿನಿ, ಧಾರವಾಡ

ಮೂರೂ ಒಂದೇ: ಆಡಂ ಸ್ಮಿತ್, ರಿಕಾರ್ಡೋ ಮೊದಲಾದ ಆರಂಭದ ಅರ್ಥಶಾಸ್ತ್ರಜ್ಞರ ಪಂಥ. ಒಂದನ್ನು ಹಿಡಿದು ಉತ್ತರಪತ್ರಿಕೆಯ ಕೊನೆಯವರೆಗೂ ಅದನ್ನೇ ಬಳಸಿ. ಮೊದಲ ಪುಟದಲ್ಲಿ ಸಂಪ್ರದಾಯ, ಮೂರನೆಯದರಲ್ಲಿ ಅಭಿಜಾತ ಅಂತ ಬರೆದರೆ ಓದುವವರಿಗೆ ಇವು ಎರಡು ಪಂಥಗಳೇನೋ ಅನ್ನಿಸುತ್ತದೆ.

ನಿಜವಾದ ತೊಡಕು ಆ ಪಂಥದೊಳಗೆ ಯಾರ್ಯಾರು ಬರುತ್ತಾರೆ ಎಂಬಲ್ಲಿದೆ. ಈ ಹೆಸರನ್ನು ಚಲಾವಣೆಗೆ ತಂದವನು ಮಾರ್ಕ್ಸ್. ಅವನ ಲೆಕ್ಕದಲ್ಲಿ ಇಂಗ್ಲೆಂಡಿನ ಸಾಲು ವಿಲಿಯಂ ಪೆಟ್ಟಿಯಿಂದ ಶುರುವಾಗಿ ರಿಕಾರ್ಡೋಗೆ ಮುಗಿಯುತ್ತದೆ. 1936ರಲ್ಲಿ ಕೇನ್ಸ್ ಅದೇ ಹೆಸರನ್ನು ಎಳೆದು ಹಿಗ್ಗಿಸಿ ಜೆ.ಎಸ್. ಮಿಲ್, ಮಾರ್ಷಲ್, ಪಿಗೂ ಅವರನ್ನೂ ಒಳಗೆ ಸೇರಿಸಿದ. ಈ ನಡುವೆ 1900ರಲ್ಲಿ ವೆಬ್ಲೆನ್ ‘ನವ ಸಂಪ್ರದಾಯ’ ಎಂಬ ಹೆಸರು ಕಟ್ಟಿದ್ದ. ಮಾರ್ಷಲ್‌ನನ್ನು ಈಗ ಎಲ್ಲರೂ ಕೂರಿಸುವುದು ಅಲ್ಲಿ. ಹೀಗಾಗಿ ಮಾರ್ಷಲ್ ಒಬ್ಬನೇ ಎರಡು ಮನೆಗಳಲ್ಲಿ ಕಾಣುತ್ತಾನೆ, ವಿದ್ಯಾರ್ಥಿಗಳು ಎಡವುವುದೂ ಇಲ್ಲೇ. ‘ಕೇನ್ಸ್‌ನ ಅರ್ಥದಲ್ಲಿ ಸಂಪ್ರದಾಯ ಪಂಥ’ ಎಂದು ಒಂದು ಮಾತು ಸೇರಿಸಿದರೆ ಗೊಂದಲ ತೀರುತ್ತದೆ.

ನೆನಪಿಡುವ ಬಗೆ ಹೇಳುತ್ತೇವೆ. ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ, ಒಂದು ಪದಕ್ಕೆ ಒಂದು ಪುಟ ಇಡಿ. ಮೇಲೆ ಪದ, ಅದರ ಪಕ್ಕದಲ್ಲಿ ಬೇರೆ ಪುಸ್ತಕಗಳಲ್ಲಿ ಸಿಗುವ ಪರ್ಯಾಯ ಪದ. ಕೆಳಗೆ ಯಾರು ಬಳಸಿದರು, ಯಾವ ಇಸವಿಯಲ್ಲಿ, ಯಾರ ವಾದಕ್ಕೆ ಎದುರಾಗಿ, ಅಂಕಿ ಇರುವ ಒಂದು ಉದಾಹರಣೆ, ಮುಂದೆ ಯಾರು ಅದನ್ನು ತಿದ್ದಿದರು. ‘ಯಾರಿಗೆ ಎದುರಾಗಿ’ ಎಂಬ ಸಾಲನ್ನು ಬಹಳ ಜನ ಖಾಲಿ ಬಿಡುತ್ತಾರೆ, ಅರ್ಥ ನಿಲ್ಲುವುದೇ ಅದರ ಮೇಲೆ. ‘ವಾಣಿಜ್ಯ ಪಂಥ’ ಎಂಬುದು ಆ ಕಾಲದ ವ್ಯಾಪಾರಿಗಳು ತಮಗೆ ತಾವೇ ಇಟ್ಟುಕೊಂಡ ಹೆಸರೇನಲ್ಲ. ರಫ್ತು ಹೆಚ್ಚಿಸಿ ಚಿನ್ನ, ಬೆಳ್ಳಿ ಕೂಡಿಸಬೇಕೆಂಬ ಅವರ ಧೋರಣೆಯನ್ನು ಖಂಡಿಸಲು ಹೊರಟ ಆಡಂ ಸ್ಮಿತ್ 1776ರಲ್ಲಿ ‘ವಾಣಿಜ್ಯ ವ್ಯವಸ್ಥೆ’ ಎಂದು ಕರೆದ. ಅದೇ ಹೆಸರು ಪಠ್ಯಪುಸ್ತಕಕ್ಕೂ ಇಳಿಯಿತು. ಎದುರಾಳಿ ಇಟ್ಟ ಹೆಸರು ಎಂದು ಗೊತ್ತಿದ್ದರೆ, ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಥಾಮಸ್ ಮನ್ ಏನು ವಾದಿಸಿದ್ದ ಎಂದು ನ್ಯಾಯವಾಗಿ ಓದಬಹುದು. ‘ಚಿನ್ನ ಹೊರಗೆ ಹೋಗಲೇಬಾರದು’ ಎಂದು ಅವನು ಹೇಳಿದ್ದೇ ಇಲ್ಲ. ಭಾರತಕ್ಕೆ ಬೆಳ್ಳಿ ಕಳಿಸಿ ಸರಕು ತಂದು ಯುರೋಪಿನಲ್ಲಿ ಮಾರಿದರೆ ಹೆಚ್ಚು ಬೆಳ್ಳಿ ವಾಪಸು ಬರುತ್ತದೆ ಎಂಬುದು ಅವನ ಲೆಕ್ಕ.

ನೋಟ್‌ಬುಕ್ಕನ್ನು ಅಕಾರಾದಿಯಾಗಿ ಜೋಡಿಸಬೇಡಿ, ಇಸವಿಯ ಪ್ರಕಾರ ಜೋಡಿಸಿ. ಆಗ ‘ಸ್ಮಿತ್‌ನ ಬೇಡಿಕೆ ರೇಖೆ’ ಎಂಬಂಥ ವಾಕ್ಯ ಕೈಯಿಂದ ಬರುವುದಿಲ್ಲ. ಬೇಡಿಕೆ ರೇಖೆಯನ್ನು ಕೂರ್ನೊ ಎಳೆದದ್ದು 1838ರಲ್ಲಿ, ಅದು ಎಲ್ಲರ ಕೈಗೂ ಬಂದದ್ದು 1890ರ ಮಾರ್ಷಲ್‌ನಿಂದ. ‘ಸೀಮಾಂತ ತುಷ್ಟಿಗುಣ’ದ (ಸರಕಿನ ಕೊನೆಯ ಒಂದು ಘಟಕದಿಂದ ಸಿಗುವ ತೃಪ್ತಿ) ಕಥೆಯೂ ಇಂಥದೇ. 1871ರಲ್ಲಿ ಜೆವನ್ಸ್ ಬರೆದದ್ದು ‘ತುಷ್ಟಿಗುಣದ ಅಂತಿಮ ಪ್ರಮಾಣ’ ಎಂದು. ‘ಸೀಮಾಂತ’ ಎಂಬುದು ವೀಸರ್ 1884ರಲ್ಲಿ ಕೊಟ್ಟ ಜರ್ಮನ್ ಪದದಿಂದ ಬಂತು. ಪರೀಕ್ಷೆಯ ಒಂದು ಪತ್ರಿಕೆಗೆ 40-50 ಪುಟ ತುಂಬಿದರೆ ಧಾರಾಳವಾಯಿತು.

ಪ್ರಶ್ನೆ: ನಮ್ಮ ಕಡೆ ಹೊಲ ಲಾವಣಿಗೆ ಹಾಕುತ್ತೇವೆ, ಕೆಲವರು ಪಾಲಿಗೆ ಕೊಡುತ್ತಾರೆ. ಮಗಳ ಪುಸ್ತಕದಲ್ಲಿ ‘ರಿಕಾರ್ಡೋನ ಗೇಣಿ ಸಿದ್ಧಾಂತ’ ಎಂದಿದೆ. ಅವನು ಹೇಳುವ ಗೇಣಿ ಮತ್ತು ನಮ್ಮ ಲಾವಣಿ ರೊಕ್ಕ ಒಂದೇನಾ?
– ರೈತರು, ರೋಣ ತಾಲ್ಲೂಕು

ಒಂದೇ ಅಲ್ಲ. ವ್ಯತ್ಯಾಸ ನಿಮ್ಮ ಹೊಲದಲ್ಲೇ ಕಾಣುತ್ತದೆ.

ಮೂರು ಎಕರೆ ಇಟ್ಟುಕೊಳ್ಳೋಣ: ಒಂದು ಆಳವಾದ ಎರಿ (ಕಪ್ಪು ಮಣ್ಣು), ಒಂದು ಮಸಾರಿ (ಕೆಂಪು ಮಣ್ಣು), ಒಂದು ಕಲ್ಲುಮರಡಿ. ಮೂರಕ್ಕೂ ಬೀಜ, ಗಳೆ, ಆಳು, ಸಾಧಾರಣ ಲಾಭ ಎಲ್ಲ ಸೇರಿ ಎಕರೆಗೆ 15,000 ರೂಪಾಯಿ ಖರ್ಚು ಎನ್ನಿ. ಜೋಳ ಎರಿಯಲ್ಲಿ 10 ಕ್ವಿಂಟಲ್, ಮಸಾರಿಯಲ್ಲಿ 7, ಮರಡಿಯಲ್ಲಿ 5 ಬಂತು. (ಲೆಕ್ಕಕ್ಕೆ ಹಿಡಿದ ಅಂಕಿಗಳು, ಇಳುವರಿಯ ವಾದ ಬೇಡ.) ಊರಿಗೆ ಬೇಕಾದಷ್ಟು ಜೋಳ ಸಿಗಲು ಮರಡಿಯನ್ನೂ ಬಿತ್ತಲೇಬೇಕು ಎಂದಾದರೆ, ಮರಡಿಯವನ ಖರ್ಚು ಹುಟ್ಟುವಷ್ಟು ದರ ಪೇಟೆಯಲ್ಲಿ ಇರಬೇಕು: 15,000 ಭಾಗ 5, ಅಂದರೆ ಕ್ವಿಂಟಲಿಗೆ 3,000. ಪೇಟೆಯಲ್ಲಿ ಎಲ್ಲರ ಜೋಳಕ್ಕೂ ಅದೇ ದರ. ಆಗ ಎರಿಯ ಮೇಲೆ 15,000 ಉಳಿಯುತ್ತದೆ, ಮಸಾರಿಯ ಮೇಲೆ 6,000, ಮರಡಿಯ ಮೇಲೆ ಏನೂ ಇಲ್ಲ. ಈ ಉಳಿಕೆಗೆ ರಿಕಾರ್ಡೋ ಗೇಣಿ ಎನ್ನುತ್ತಾನೆ. ಜನ ಹೆಚ್ಚಿ, ಎಕರೆಗೆ 4 ಕ್ವಿಂಟಲ್ ಕೊಡುವ ಇನ್ನೂ ಹೀನ ನೆಲವನ್ನು ಬಿತ್ತಬೇಕಾಗಿ ಬಂದರೆ ದರ 3,750ಕ್ಕೆ ಏರುತ್ತದೆ. ಆಗ ಗೇಣಿ ಎರಿಗೆ 22,500, ಮಸಾರಿಗೆ 11,250, ಮರಡಿಗೂ 3,750. ಎರಿಯ ಒಡೆಯ ಒಂದು ಬುಟ್ಟಿ ಗೊಬ್ಬರ ಹೆಚ್ಚಿಗೆ ಹಾಕಲಿಲ್ಲ, ಆದರೂ ಅವನ ಗೇಣಿ ಏಳೂವರೆ ಸಾವಿರ ಏರಿತು.

ಇದರಿಂದ ಮುಖ್ಯವಾದ ಒಂದು ಮಾತು ಹೊರಡುತ್ತದೆ: ಗೇಣಿ ಕೊಡಬೇಕಾದ್ದರಿಂದ ಜೋಳ ತುಟ್ಟಿಯಾಗುವುದಿಲ್ಲ, ಜೋಳ ತುಟ್ಟಿಯಾದ್ದರಿಂದ ಗೇಣಿ ಹುಟ್ಟುತ್ತದೆ. 1815ರ ಧಾನ್ಯ ಕಾಯ್ದೆ ಹೊರದೇಶದ ಗೋಧಿಯನ್ನು ತಡೆದಾಗ ಲಾಭ ಭೂಮಾಲೀಕರಿಗೆ ಹೋಗುತ್ತದೆಂದು ರಿಕಾರ್ಡೋ ವಾದಿಸಿದ್ದು ಈ ಲೆಕ್ಕದ ಮೇಲೆಯೇ. ಪರೀಕ್ಷೆಯಲ್ಲಿ ಗೇಣಿಯನ್ನು ಉತ್ಪಾದನಾ ವೆಚ್ಚದೊಳಗೆ ಸೇರಿಸಿ ಬರೆದರೆ ಸಿದ್ಧಾಂತವೇ ತಲೆಕೆಳಗಾಗುತ್ತದೆ. ಬಹಳ ಸಲ ಕಾಣುವ ತಪ್ಪು ಇದು.

ಇನ್ನು ನಿಮ್ಮ ಲಾವಣಿ. ನೀವು ಕೊಡುವ ಹೊಲದಲ್ಲಿ ಬೋರ್‌ವೆಲ್, ಒಡ್ಡು, ಕೃಷಿಹೊಂಡ ಇದ್ದರೆ ಲಾವಣಿ ರೊಕ್ಕದಲ್ಲಿ ಅವುಗಳ ಪಾಲೂ ಸೇರಿರುತ್ತದೆ. ರಿಕಾರ್ಡೋ ಅದನ್ನು ಬಂಡವಾಳದ ಲಾಭ ಎಂದು ಬೇರೆ ತೆಗೆದಿಡುತ್ತಾನೆ. ಮಣ್ಣಿನ ಮೂಲ ಶಕ್ತಿಗೆ ಸಿಗುವುದಷ್ಟೇ ಅವನಿಗೆ ಗೇಣಿ. ಎರಡನೆಯದಾಗಿ, ಅವನ ಗೇಣಿದಾರ ಲಾಭ ಬರದಿದ್ದರೆ ಬಂಡವಾಳ ತೆಗೆದುಕೊಂಡು ಬೇರೆ ಧಂಧೆಗೆ ಹೋಗಬಲ್ಲ ಆಸಾಮಿ. ಹೊಲ ಬಿಟ್ಟರೆ ಬೇರೆ ಗತಿಯಿಲ್ಲದವನು ಪಾಲಿಗೆ ಹಿಡಿದಾಗ ಪಾಲಿನ ಪ್ರಮಾಣ ನಿಲ್ಲುವುದು ರೂಢಿಯ ಮೇಲೆ, ಅವನ ಅಡಚಣೆಯ ಮೇಲೆ. ರಿಚರ್ಡ್ ಜೋನ್ಸ್ 1831ರಲ್ಲೇ ಈ ಆಕ್ಷೇಪ ಎತ್ತಿದ. ರಿಕಾರ್ಡೋನ ಗೇಣಿ ಜಗತ್ತಿನ ತುಸು ಭಾಗಕ್ಕಷ್ಟೇ ಒಪ್ಪುತ್ತದೆ ಎಂದು ಹೇಳಿ, ಉಳಿದ ಬಗೆಗಳನ್ನು ಪಟ್ಟಿ ಮಾಡಿದಾಗ ಅದರಲ್ಲಿ ‘ರೈತ ಗೇಣಿ’ ಎಂದೇ ಒಂದು ವರ್ಗ ಇಟ್ಟ. ಗೇಣಿಯ ಬಗ್ಗೆ ಕನ್ನಡದಲ್ಲಿ ಬರೆಯುವವರು ಜೋನ್ಸ್‌ನನ್ನು ಕೈಬಿಡಬಾರದು ಎಂಬುದು ನಮ್ಮ ಅಭಿಪ್ರಾಯ.

ಈ ಸಿದ್ಧಾಂತ ಪುಸ್ತಕದಲ್ಲೇ ಉಳಿಯಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ತರಬೇತಿ ಪಡೆಯುತ್ತಿದ್ದ ಹೇಲಿಬರಿ ಕಾಲೇಜಿನಲ್ಲಿ 1805ರಿಂದ ಪಾಠ ಹೇಳುತ್ತಿದ್ದವನು, ಗೇಣಿಯನ್ನು ಹೀಗೇ ವಿವರಿಸುತ್ತಿದ್ದ ಅರ್ಥಶಾಸ್ತ್ರಜ್ಞ ಮಾಲ್ಥಸ್. ಅಲ್ಲಿ ಕಲಿತ ಪ್ರಿಂಗಲ್ ಎಂಬ ಅಧಿಕಾರಿ 1830ರ ಸುಮಾರಿಗೆ ಪುಣೆಯ ಕಡೆ ಹೊಲ ಹೊಲದ ನಿವ್ವಳ ಉತ್ಪನ್ನ ಲೆಕ್ಕ ಹಾಕಿ, ಅದರ ಶೇ. 55ನ್ನು ಕಂದಾಯವಾಗಿ ಗೊತ್ತುಮಾಡಲು ಹೊರಟ. ಸೂತ್ರ ಸರಿಯಾಗಿಯೇ ಇತ್ತು, ಅದಕ್ಕೆ ಹಾಕಿದ ಅಂಕಿಗಳೇ ಸುಳ್ಳಾಗಿದ್ದವು. ಕೆಳಗಿನ ನೌಕರರು ಅಳತೆ, ಇಳುವರಿ ಎರಡರಲ್ಲೂ ಕೈಯಾಡಿಸಿದ್ದರು, ಮೇಲಿಂದ ಧಾರಣಿಯೂ ಬಿತ್ತು. ಕಂದಾಯ ಹೊರೆಯಾಗಿ ಹೊಲಗಳು ಬೀಳು ಬಿದ್ದವು. ಆಮೇಲೆ ಬಂದ ಅಧಿಕಾರಿಗಳಾದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ನಿವ್ವಳ ಉತ್ಪನ್ನದ ಲೆಕ್ಕವನ್ನೇ ಬಿಟ್ಟುಕೊಟ್ಟರು. ತಾಲ್ಲೂಕಿಗೆ ಒಟ್ಟು ಕಂದಾಯ ಎಷ್ಟು ಎಂಬುದನ್ನು ಹಿಂದಿನ ವಸೂಲಿ, ಧಾರಣಿ, ಪೇಟೆಯ ದೂರ ನೋಡಿ ನಿಶ್ಚಯಿಸಿ, ಹೊಲಹೊಲಕ್ಕೆ ಹಂಚಲು ಮಾತ್ರ ಮಣ್ಣಿನ ದರ್ಜೆ ಬಳಸಿದರು. 1840ರ ದಶಕದಲ್ಲಿ ಧಾರವಾಡ ಸೀಮೆಗೆ ಬಂದದ್ದು ಈ ಪದ್ಧತಿ. ದರ 30 ವರ್ಷಕ್ಕೆ ಖಾಯಂ.

ಅವರ 1847ರ ಜಂಟಿ ವರದಿಯ ಕೋಷ್ಟಕ ನೋಡುವಂಥದು. ಮಣ್ಣಿನ ಆಳವನ್ನು ಮೊಳದಲ್ಲಿ ಅಳೆದು ಬೆಲೆಯನ್ನು ಆಣೆಯಲ್ಲಿ ಕಟ್ಟಿದ್ದಾರೆ. ಒಂದು ಮುಕ್ಕಾಲು ಮೊಳ ಆಳದ ನಯವಾದ ಕಪ್ಪು ಮಣ್ಣಿಗೆ 16 ಆಣೆ. ಅಷ್ಟೇ ಆಳದ, ತುಸು ಒರಟಾದ ಕೆಂಪು ಮಣ್ಣಿಗೆ 14. ಕಪ್ಪು ಮಣ್ಣೇ ಆದರೂ ಆಳ ಒಂದು ಮೊಳವಿದ್ದರೆ 10, ಅರ್ಧ ಮೊಳವಿದ್ದರೆ 6, ಕಾಲು ಮೊಳವಿದ್ದರೆ ನಾಲ್ಕೂವರೆ. ಸುಣ್ಣದ ಹರಳು, ಮರಳು, ಇಳಿಜಾರು, ನೀರು ನಿಲ್ಲುವುದು – ಇಂಥ ಒಂದೊಂದು ದೋಷಕ್ಕೆ ಒಂದು ದರ್ಜೆ ಕೆಳಗೆ. ನಿಮ್ಮ ಉತಾರದಲ್ಲಿ (ಪಹಣಿಯಲ್ಲಿ) ಇಂದಿಗೂ ‘ಮಣ್ಣಿನ ನಮೂನೆ’ ಎಂಬ ಕಲಂ ಇದೆ, ತೆಗೆದು ನೋಡಿ. ಮಗಳಿಗೆ ‘ಸಾಪೇಕ್ಷ ಫಲವತ್ತತೆ’ ಎಂಬ ಪದ ವಿವರಿಸಲು ಅದಕ್ಕಿಂತ ಹತ್ತಿರದ ಕಾಗದ ಸಿಗಲಿಕ್ಕಿಲ್ಲ.

ಪ್ರಶ್ನೆ: ಮೆಣಸಿನಕಾಯಿ ದರ ಬಿದ್ದಾಗಲೆಲ್ಲ ಯಾರಾದರೊಬ್ಬರು ‘ಇದು ಆಡಂ ಸ್ಮಿತ್‌ನ ಅದೃಶ್ಯ ಹಸ್ತ’ ಅನ್ನುತ್ತಾರೆ. ಸರಿಯೇ?
– ವ್ಯಾಪಾರಸ್ಥರು, ಬ್ಯಾಡಗಿ

ಅನ್ನುವವರು ಅನ್ನಲಿ, ಸ್ಮಿತ್ ಹಾಗಂದಿಲ್ಲ. ‘ವೆಲ್ತ್ ಆಫ್ ನೇಷನ್ಸ್’ ಎಂಬ 1776ರ ಅಷ್ಟು ದಪ್ಪ ಗ್ರಂಥದಲ್ಲಿ ಆ ಮಾತು ಬರುವುದು ಒಂದೇ ಒಂದು ಸಲ, ಅದೂ ಆಮದು ನಿರ್ಬಂಧದ ಅಧ್ಯಾಯದಲ್ಲಿ. ವ್ಯಾಪಾರಿ ತನ್ನ ಬಂಡವಾಳದ ಭದ್ರತೆಗಾಗಿ ಕಣ್ಣೆದುರಿಗಿರುವ ಸ್ವದೇಶದ ಧಂಧೆಯಲ್ಲೇ ಹಣ ತೊಡಗಿಸುತ್ತಾನೆ, ಅದರಿಂದ ಅವನು ಎಣಿಸದೆಯೇ ದೇಶಕ್ಕೂ ಅನುಕೂಲವಾಗುತ್ತದೆ ಎಂಬುದು ಅಲ್ಲಿನ ಸಂದರ್ಭ.

ದರದ ಏರಿಳಿತಕ್ಕೆ ಸ್ಮಿತ್‌ನಲ್ಲಿ ಬೇರೆ ಪದಗಳಿವೆ, ಮೊದಲ ಸಂಪುಟದ ಏಳನೇ ಅಧ್ಯಾಯದಲ್ಲಿ. ಕೂಲಿ, ಲಾಭ, ಗೇಣಿ ಮೂರೂ ಆ ಸೀಮೆಯ ವಾಡಿಕೆಯ ಪ್ರಮಾಣದಲ್ಲಿ ಹುಟ್ಟುವಷ್ಟು ಬೆಲೆ ‘ಸಹಜ ಬೆಲೆ’. ಆ ದಿನ ಟೆಂಡರಿನಲ್ಲಿ ಬಿಟ್ಟದ್ದು ‘ಪೇಟೆ ಬೆಲೆ’. ಸಹಜ ಬೆಲೆ ಕೊಡಲು ತಯಾರಿರುವವರ ಬೇಡಿಕೆಯಷ್ಟನ್ನೇ ಅವನು ಲೆಕ್ಕಕ್ಕೆ ಹಿಡಿಯುತ್ತಾನೆ. ಆವಕ ಅದಕ್ಕಿಂತ ಹೆಚ್ಚಾದರೆ ಉಳಿದ ಮಾಲನ್ನು ಕಡಿಮೆ ಕೊಡುವವರಿಗೇ ಮಾರಬೇಕಾಗುತ್ತದೆ, ಪೇಟೆ ಬೆಲೆ ಸಹಜ ಬೆಲೆಯ ಕೆಳಗೆ ಇಳಿಯುತ್ತದೆ.

ಎಷ್ಟು ಇಳಿಯುತ್ತದೆ ಎಂಬುದಕ್ಕೂ ಅವನು ಕಾರಣ ಕೊಡುತ್ತಾನೆ. ಕೆಡುವ ಮಾಲಿನಲ್ಲಿ ಮಾರುವವರ ಪೈಪೋಟಿ ಜಾಸ್ತಿ, ತಾಳುವ ಮಾಲಿನಲ್ಲಿ ಕಡಿಮೆ. ಅವನ ಉದಾಹರಣೆ ಕಿತ್ತಳೆ ಹಣ್ಣು ಮತ್ತು ಹಳೆ ಕಬ್ಬಿಣ. ನಿಮ್ಮೂರಿನ ಕೋಲ್ಡ್ ಸ್ಟೋರೇಜ್ ಮಾಡುವುದು ಇಷ್ಟೇ: ಬಣ್ಣ ಇಳಿಯುವ ಕಾಯಿಯನ್ನು ಕಿತ್ತಳೆಯ ಸಾಲಿನಿಂದ ಎಬ್ಬಿಸಿ ಕಬ್ಬಿಣದ ಸಾಲಿಗೆ ಕೂರಿಸುತ್ತದೆ. ಆದರೆ ಬಾಡಿಗೆ, ಬಡ್ಡಿ ಕಟ್ಟಿಕೊಂಡು ಕಾಯುವ ತಾಕತ್ತು ಎಲ್ಲ ರೈತರಿಗೂ ಇಲ್ಲ. ಸಾಲ ಮೈಮೇಲಿದ್ದವನ ಡಬ್ಬಿ ತಳಿಯ ಮೆಣಸಿನಕಾಯಿಯೂ ಕಿತ್ತಳೆಯೇ.

ಒಂದು ಎಚ್ಚರಿಕೆ. ಸ್ಮಿತ್‌ನ ಈ ಬೇಡಿಕೆಯನ್ನೂ 1936ರ ಕೇನ್ಸ್‌ನ ‘ಪರಿಣಾಮಕಾರಿ ಬೇಡಿಕೆ’ಯನ್ನೂ ಕನ್ನಡದಲ್ಲಿ ಒಂದೇ ಪದದಿಂದ ಹೇಳುವುದುಂಟು. ಸ್ಮಿತ್‌ನದು ಒಂದು ಸರಕಿನ ಪೇಟೆಗೆ ಸಂಬಂಧಿಸಿದ್ದು. ಕೇನ್ಸ್‌ನದು ಇಡೀ ದೇಶದ ಒಟ್ಟು ವೆಚ್ಚ ಮತ್ತು ಉದ್ಯೋಗಕ್ಕೆ ಸಂಬಂಧಿಸಿದ್ದು.

ಪ್ರಶ್ನೆ: ತುಲನಾತ್ಮಕ ವೆಚ್ಚದ ಉದಾಹರಣೆಯನ್ನು ಚಿಕ್ಕದಾಗಿ, ತಪ್ಪಿಲ್ಲದೆ ಬರೆಯುವುದು ಹೇಗೆ?
– ಕೆಎಎಸ್ ಅಭ್ಯರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಎರಡು ಸರಕಿನಲ್ಲಿ ಯಾವುದು ತನಗೆ ಹೋಲಿಕೆಯಲ್ಲಿ ಅಗ್ಗವೋ ಅದನ್ನು ಮಾಡಿ ಇನ್ನೊಂದನ್ನು ಹೊರಗಿನಿಂದ ತರುವುದು ದೇಶಕ್ಕೆ ಲಾಭ ಎಂಬುದು ಈ ವಾದ. ಇದಕ್ಕೆ 1817ರ ರಿಕಾರ್ಡೋನ ನಾಲ್ಕು ಅಂಕಿ ಸಾಕು. ಒಂದು ವರ್ಷಕ್ಕೆ ಬೇಕಾಗುವ ಆಳುಗಳು: ಇಂಗ್ಲೆಂಡಿನಲ್ಲಿ ಬಟ್ಟೆಗೆ 100, ದ್ರಾಕ್ಷಾರಸಕ್ಕೆ 120, ಪೋರ್ಚುಗಲ್ಲಿನಲ್ಲಿ ಬಟ್ಟೆಗೆ 90, ದ್ರಾಕ್ಷಾರಸಕ್ಕೆ 80. ಎರಡರಲ್ಲೂ ಪೋರ್ಚುಗಲ್ಲೇ ಮುಂದು. ಆದರೂ ಇಂಗ್ಲೆಂಡ್ 100 ಆಳಿನ ಬಟ್ಟೆ ಕೊಟ್ಟು 120 ಆಳಿನ ದ್ರಾಕ್ಷಾರಸ ಪಡೆಯುತ್ತದೆ, 20 ಉಳಿಯಿತು. ಪೋರ್ಚುಗಲ್ 80 ಕೊಟ್ಟು 90ರ ಬಟ್ಟೆ ಪಡೆಯುತ್ತದೆ, 10 ಉಳಿಯಿತು. ‘ಕಡಿಮೆ ವೆಚ್ಚದ ದೇಶ ರಫ್ತು ಮಾಡುತ್ತದೆ’ ಎಂದು ಬರೆದರೆ ಅದು ಸ್ಮಿತ್‌ನ ನಿರಪೇಕ್ಷ ಅನುಕೂಲ, ಅಂಕ ಹೋಗುತ್ತದೆ. ಬಂಡವಾಳ ಮತ್ತು ಆಳು ಒಂದು ದೇಶ ಬಿಟ್ಟು ಇನ್ನೊಂದಕ್ಕೆ ಸಲೀಸಾಗಿ ಹೋಗುವುದಿಲ್ಲ ಎಂಬ ಷರತ್ತನ್ನು ಒಂದು ಸಾಲಿನಲ್ಲಿ ಹಾಕಿ.

ಪ್ರಶ್ನೆ: ‘ಸಂಪತ್ತಿನ ಸೋರಿಕೆ’ ಎಂದು ಓದುತ್ತೇವೆ, ಆದರೆ ಹಣ ಹಡಗಿನಲ್ಲಿ ಹೋಗುತ್ತಿತ್ತೇ? ನಿಜವಾಗಿ ಸೋರುತ್ತಿದ್ದದ್ದು ಹೇಗೆ?
– ಉಪನ್ಯಾಸಕರು, ಹಾವೇರಿ

ಬ್ರಿಟಿಷರ ಕಾಲದಲ್ಲಿ ಭಾರತದಿಂದ ಇಂಗ್ಲೆಂಡಿಗೆ ಹೋಗುತ್ತಿದ್ದದ್ದು ಸರಕು. ಧಾರವಾಡ ಸೀಮೆಯ ಹತ್ತಿ ಹಿಡಿದು ನೋಡೋಣ. ಹತ್ತಿ ಕುಮಟಾ ಬಂದರಿನಿಂದ ಮುಂಬೈಗೆ, ಅಲ್ಲಿಂದ ಇಂಗ್ಲೆಂಡಿಗೆ ಹೋಯಿತು. ಕೊಂಡವನು ಪೌಂಡ್ ಕೊಡಬೇಕಲ್ಲ? ಅವನು ಆ ಪೌಂಡನ್ನು ಭಾರತಕ್ಕೆ ಕಳಿಸುವ ಬದಲು ಲಂಡನ್ನಿನಲ್ಲೇ ಭಾರತ ಮಂತ್ರಿಯ ಕಚೇರಿಯಲ್ಲಿ ಕಟ್ಟಿ ‘ಕೌನ್ಸಿಲ್ ಬಿಲ್’ ಎಂಬ ಹುಂಡಿ ಕೊಳ್ಳುತ್ತಿದ್ದ. ಆ ಹುಂಡಿ ಮುಂಬೈಗೆ ಬಂದಾಗ ಸರ್ಕಾರಿ ಖಜಾನೆ ಅದಕ್ಕೆ ರೂಪಾಯಿ ಎಣಿಸಿ ಕೊಡುತ್ತಿತ್ತು, ಹತ್ತಿ ಮಾರಿದವನಿಗೆ ಮುಟ್ಟುತ್ತಿದ್ದದ್ದು ಆ ರೂಪಾಯಿ. ಖಜಾನೆಗೆ ರೂಪಾಯಿ ಎಲ್ಲಿಂದ ಬಂತು? ಅದೇ ರೈತ ಕಟ್ಟಿದ ಕಂದಾಯದಿಂದ. ಲಂಡನ್ನಿನಲ್ಲಿ ಉಳಿದ ಪೌಂಡು ಪಿಂಚಣಿ, ಸಾಲದ ಬಡ್ಡಿ, ಕಚೇರಿ ಖರ್ಚು, ಸೈನ್ಯದ ಖರ್ಚಿಗೆ ಹೋಯಿತು. ಈ ಬಾಬುಗಳ ಒಟ್ಟು ಹೆಸರು ‘ಹೋಮ್ ಚಾರ್ಜಸ್’. ರಫ್ತು ಹೋಯಿತು, ಬದಲಿಗೆ ಆಮದು ಬರಲಿಲ್ಲ.

ದಾದಾಭಾಯಿ ನವರೋಜಿ ಈ ವಾದವನ್ನು 1867ರಿಂದ ಕಟ್ಟುತ್ತ ಬಂದು 1901ರಲ್ಲಿ ಗ್ರಂಥವಾಗಿ ತಂದರು. ಜಗಳ ಇರುವುದು ಯಾವ ಬಾಬನ್ನು ಸೋರಿಕೆ ಎನ್ನಬೇಕು ಎಂಬುದರ ಮೇಲೆ. ರೈಲ್ವೆ ಸಾಲದ ಬಡ್ಡಿಗೆ ಎದುರಾಗಿ ಹಳಿಗಳಾದರೂ ಇಲ್ಲಿ ಬಿದ್ದಿವೆ, ಪಿಂಚಣಿಗೆ ಎದುರಾಗಿ ಏನಿದೆ? ತರಗತಿಯಲ್ಲಿ ಮೊದಲು ಬಾಬುಗಳನ್ನು ಬಿಡಿಸಿ ಬೋರ್ಡಿನ ಮೇಲೆ ಬರೆದು, ಆಮೇಲೆ ಒಟ್ಟು ಮೊತ್ತಕ್ಕೆ ಹೋಗುವುದು ಒಳ್ಳೆಯದು.

ಪ್ರಶ್ನೆ: ಕಣಗಿನಹಾಳದ ಸಹಕಾರ ಸಂಘವನ್ನು ಆರ್ಥಿಕ ಚಿಂತನೆಯ ಪತ್ರಿಕೆಯಲ್ಲಿ ಉದಾಹರಿಸಬಹುದೇ? ‘ಅಪರಿಮಿತ ಹೊಣೆ’ ಎಂದರೇನು?
– ಪದವಿ ವಿದ್ಯಾರ್ಥಿ, ಗದಗ

ಧಾರಾಳವಾಗಿ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ 1905ರಲ್ಲಿ ಆದ ಆ ಸಂಘದ ಹಿಂದೆ 1904ರ ಕಾಯ್ದೆ ಇದೆ, ಕಾಯ್ದೆಯ ಹಿಂದೆ ಹಳ್ಳಿಗಳಲ್ಲಿ ಸಾಲದ ಸಂಘ ಕಟ್ಟಿದ ಜರ್ಮನಿಯ ರೈಫೈಸನ್‌ನ ವಿಚಾರ ಇದೆ. ಕಾಯ್ದೆಯ ಪ್ರಕಾರ ಕನಿಷ್ಠ 10 ಜನ ಸೇರಬೇಕು, ಗ್ರಾಮೀಣ ಸಂಘವಾದರೆ ಐದರಲ್ಲಿ ನಾಲ್ಕು ಪಾಲು ಸದಸ್ಯರು ಕೃಷಿಕರಿರಬೇಕು, ಹೊಣೆ ಅಪರಿಮಿತ. ಅಂದರೆ ಸಂಘ ಮುಳುಗಿದರೆ ಸದಸ್ಯ ತನ್ನ ಷೇರಿನಷ್ಟು ಕಳೆದುಕೊಂಡು ಪಾರಾಗುವಂತಿಲ್ಲ, ಉಳಿದ ಸಾಲಕ್ಕೂ ಅವನ ಆಸ್ತಿ ಬಾಧ್ಯ. ಕ್ರೂರವೆನಿಸಬಹುದು. ಆದರೆ ನಗದು ಬಂಡವಾಳವಿಲ್ಲದ ರೈತರಿಗೆ ಒಬ್ಬರಿಗೊಬ್ಬರು ನಿಲ್ಲುವ ಜಾಮೀನೇ ಬಂಡವಾಳ. ತನ್ನ ಹೊಲಕ್ಕೂ ಕುತ್ತು ಎಂದಾಗ ಯಾರಿಗೆ ಸಾಲ, ಯಾತಕ್ಕೆ ಸಾಲ ಎಂದು ಪ್ರತಿಯೊಬ್ಬನೂ ಕಣ್ಣಿಟ್ಟಿರುತ್ತಾನೆ. ಸಂಘ ಒಂದೇ ಊರಿನದಿರಬೇಕೆಂಬ ಹಟವೂ ಇದರಿಂದಲೇ ಬಂತು. ಪರಿಚಯವಿಲ್ಲದ ನಾಲ್ಕಾರು ಊರು ಸೇರಿದರೆ ಹೊಣೆ ಕಾಗದದಲ್ಲಿ ಉಳಿಯುತ್ತದೆ, ಕಾವಲು ತಪ್ಪುತ್ತದೆ. 1904ರ ಕಾಯ್ದೆ ಪತ್ತಿನ ಸಂಘಗಳಿಗೆ ಮಾತ್ರ; ಮಾರಾಟ, ಖರೀದಿಯಂಥ ಬೇರೆ ಬಗೆಯ ಸಂಘಗಳಿಗೂ ಒಕ್ಕೂಟಗಳಿಗೂ ದಾರಿಯಾದದ್ದು 1912ರ ಕಾಯ್ದೆಯಿಂದ. ಎರಡನ್ನೂ ಬೆರೆಸಬೇಡಿ.

ಪ್ರಶ್ನೆ: ಶರಣರ ‘ಕಾಯಕ’ವನ್ನು ಶ್ರಮ ಮೌಲ್ಯ ಸಿದ್ಧಾಂತ ಎನ್ನಬಹುದೇ? ಕೌಟಿಲ್ಯನ ‘ಅರ್ಥಶಾಸ್ತ್ರ’ವೇ ಇಂದಿನ ಅರ್ಥಶಾಸ್ತ್ರವೇ?
– ಶಿಕ್ಷಕರು, ರಾಣೆಬೆನ್ನೂರು

ಎರಡಕ್ಕೂ ಇಲ್ಲ. ಶ್ರಮ ಮೌಲ್ಯ ಸಿದ್ಧಾಂತ ಎರಡು ಸರಕುಗಳು ಯಾವ ಪ್ರಮಾಣದಲ್ಲಿ ವಿನಿಮಯವಾಗುತ್ತವೆ ಎಂಬ ಪ್ರಶ್ನೆಗೆ ‘ಅವುಗಳಿಗೆ ತಗುಲಿದ ಶ್ರಮದ ಪ್ರಮಾಣದಲ್ಲಿ’ ಎಂಬ ಉತ್ತರ. ಕಾಯಕ ದುಡಿಮೆಯ ನೀತಿ, ದಾಸೋಹದ ಜೊತೆಗೆ ಓದಬೇಕಾದದ್ದು. ಒಂದನ್ನು ಇನ್ನೊಂದಕ್ಕೆ ಹೊಲಿದರೆ ಎರಡೂ ಕೆಡುತ್ತವೆ. ಮೈಸೂರಿನಲ್ಲಿ ಶಾಮಾಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಗ್ರಂಥ ರಾಜ್ಯವನ್ನು ಗಳಿಸುವ, ಕಾಯುವ ಶಾಸ್ತ್ರ. ಅದರಲ್ಲಿ ಇಂದಿನ ನಮ್ಮ ವಿಷಯಕ್ಕೆ ಹತ್ತಿರವಿರುವ ಪದ ‘ವಾರ್ತಾ’: ಕೃಷಿ, ಪಶುಪಾಲನೆ, ವಾಣಿಜ್ಯ ಮೂರೂ ಸೇರಿದ ವಿದ್ಯೆ.

ಪ್ರಶ್ನೆ: ‘ಕೂಲಿ ನಿಧಿ’ ಸಿದ್ಧಾಂತವನ್ನು ಮಿಲ್ ತಾನೇ ಕೈಬಿಟ್ಟ ಎನ್ನುತ್ತಾರೆ. ಆದರೆ ಅವನ ಗ್ರಂಥದಲ್ಲಿ ಅದು ಹಾಗೇ ಇದೆಯಲ್ಲ?
– ಸಂಶೋಧನಾ ವಿದ್ಯಾರ್ಥಿ, ಧಾರವಾಡ

ಎರಡೂ ನಿಜ. ಕೂಲಿ ಕೊಡಲು ಗೊತ್ತಾದ ಒಂದು ಮೊತ್ತ ಮೊದಲೇ ಇರುತ್ತದೆ, ಅದನ್ನು ಕೂಲಿಕಾರರ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಕೂಲಿ ಬರುತ್ತದೆ ಎಂಬ ಈ ವಾದ 1848ರ ಗ್ರಂಥದಲ್ಲಿದೆ. ಥಾರ್ನ್‌ಟನ್‌ನ ಪುಸ್ತಕವನ್ನು ವಿಮರ್ಶಿಸುತ್ತ ಮಿಲ್ 1869ರಲ್ಲಿ ಇದನ್ನು ಬಿಟ್ಟುಕೊಟ್ಟ. ಆದರೆ 1871ರ ಆವೃತ್ತಿಯಲ್ಲಿ, ಈ ಚರ್ಚೆ ಗ್ರಂಥಕ್ಕೆ ಸೇರಿಸುವಷ್ಟು ಇನ್ನೂ ಪಕ್ವವಾಗಿಲ್ಲ ಎಂದು ಮುನ್ನುಡಿಯಲ್ಲಿ ಹೇಳಿ ಆ ಅಧ್ಯಾಯವನ್ನು ಇದ್ದಂತೆಯೇ ಬಿಟ್ಟ. ಪ್ರಬಂಧದಲ್ಲಿ ಗ್ರಂಥವನ್ನು ಉಲ್ಲೇಖಿಸುವಾಗ ಆವೃತ್ತಿಯ ವರ್ಷ ಹಾಕಿ, ಪಕ್ಕದಲ್ಲೇ 1869ರ ವಿಮರ್ಶೆಯನ್ನೂ ಹೇಳಿ.